ಕಾಲು ಮಿಲಿಮೀಟರ್

ಭವ್ಯಾ ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ. ಹರಿಹರದ ನಮ್ಮ ವರ್ಕ್‌ಶಾಪಿಗೆ ಬಂದು, ಹರಿದ ಮೂರು ಅಲ್ಯೂಮಿನಿಯಂ ಬಟ್ಟಲುಗಳನ್ನು ನನ್ನ ಮುಂದಿಟ್ಟಳು.

"ಎಕ್ಸಾಮಿನರ್ ಎದುರಿಗೆ, ಇಲ್ಲಿ ಮಾಡಿದಂಗೇ ಕಾಲೇಜ್ ಮಷಿನ್ನಾಗೆ ಮಾಡಿದ್ದು ರವಿಯವ್ರೆ. ಮೂರೂ ಹರಿದ್ವು. ನಿಮ್ಮತ್ರ ಮೊದಲ್ನೇದು ಬಿಟ್ರೆ ಹೆಂಗೆ ಒಂದೂ ಹರೀಲಿಲ್ಲ?"

ಉತ್ತರ ನನಗೊಬ್ಬನಿಗೇ ಗೊತ್ತಿತ್ತು.

ಅವಳು ದಾವಣಗೆರೆಯಲ್ಲಿ ಎಂ.ಟೆಕ್ ಓದುತ್ತಿದ್ದಳು. ಅಚ್ಚಿಲ್ಲದೆ, ಗುಂಡು ತುದಿಯ ಟೂಲಿನಿಂದ ತಗಡನ್ನು ಸುತ್ತು ಸುತ್ತಾಗಿ ಒತ್ತಿ ಬಟ್ಟಲು ಮಾಡುವುದು ಅವಳ ಪ್ರಾಜೆಕ್ಟ್. ಪ್ರತಿ ಸುತ್ತಿಗೂ ಟೂಲ್ ಒಂದು ಮಿಲಿಮೀಟರ್ ಇಳಿಯಬೇಕು. ಗೋಡೆ ಎಷ್ಟು ಕಡಿದಾದರೆ ತಗಡು ಹರಿಯುತ್ತದೆ, ಎಣ್ಣೆ ಬದಲಿಸಿದರೆ ಏನಾಗುತ್ತದೆ, ಎಲ್ಲ ಬರೆದುಕೊಳ್ಳುತ್ತಿದ್ದಳು. ಕಾಲೇಜಿನ ಮಷಿನ್ ಬಿಡುವಿರುವುದಿಲ್ಲವೆಂದು ನಮ್ಮಲ್ಲಿಗೆ ಬರುತ್ತಿದ್ದಳು; ಮಷಿನ್ ಓಡಿಸುವವನು ನಾನು.

ಮೊದಲ ತಗಡು ಹತ್ತೇ ನಿಮಿಷಕ್ಕೆ ಹರಿಯಿತು. ಅವಳ ಮುಖ ಸಣ್ಣದಾಯಿತು. ಮರುದಿನ ನಾನು ಹೇಳದೆ ಕೇಳದೆ ಇಳಿತವನ್ನು ಕಾಲು ಮಿಲಿಮೀಟರ್ ಮಾಡಿದೆ. ತಗಡು ಹರಿಯಲಿಲ್ಲ. ನಲವತ್ತು ನಿಮಿಷ ಹಿಡಿಯಿತು.

"ಇಷ್ಟೊತ್ತು ಯಾಕ್ರೀ?"

"ಹಳೇ ಮಷಿನ್ ಮೇಡಂ. ನಿಮ್ಮನ್ನ ಕಳ್ಸಾಕೆ ಅದಕ್ಕೂ ಮನಸಿಲ್ಲ."

ನಗು ಮುಚ್ಚಲು ನೋಟ್‌ಬುಕ್ಕಿಗೆ ಬಗ್ಗಿದಳು. ಒಂದು ಗಳಿಗೆ ಬಿಟ್ಟು, ನಾನು ನೋಡುತ್ತಿಲ್ಲವೆಂದುಕೊಂಡು ಓರೆಗಣ್ಣಲ್ಲಿ ನೋಡಿದಳು. ಎರಡು ತಿಂಗಳು ಆ ನೋಟಕ್ಕಾಗಿಯೇ ಬದುಕಿದೆ.

ಈಗ ಒಪ್ಪಿಕೊಂಡೆ. "ಕಾಲು ಮಿಲಿಮೀಟರ್ ಇಟ್ಟಿದ್ದೆ. ಹರಿದ್ರೆ ನಿಮ್ ಮುಖ ನೋಡಾಕಾಗಲ್ಲ ಅಂತ. ಬೇಗ ಮುಗುದ್ರೆ ಹೊಂಟೋಗ್ತೀರಿ ಅಂತಾನೂ."

"ಹರೀಬೇಕಿತ್ತು ರೀ," ಎಂದಳು ಮೆಲ್ಲಗೆ. "ಎಲ್ಲಿ ಹರೀತೈತೆ ಅಂತ ಹುಡ್ಕೋದೇ ನನ್ನ ಓದು. ನಾನು ಬರೆದಿದ್ದೆಲ್ಲ ಸುಳ್ಳಂತಾತು. ಒಂದು ವರ್ಷ ಹೋತು."

"ಭವ್ಯಾ, ನಂಗೆ ನೀವಂದ್ರೆ ಪ್ರಾಣ."

"ಗೊತ್ತಿತ್ತು." ಹರಿದ ಬಟ್ಟಲೊಂದನ್ನು ಕೈಗೆತ್ತಿಕೊಂಡಳು. "ಅದಕ್ಕೇ ಇಷ್ಟೊತ್ತು ಯಾಕಂತ ಇನ್ನೊಂದ್ಸಾರಿ ಕೇಳ್ಲಿಲ್ಲ. ಆ ನಲವತ್ತು ನಿಮಿಷ ನನಗೂ ಬೇಕಿತ್ತು."

ಆಸೆಯಿಂದ ಅಂದೆ, "ಮತ್ತೆ ಮಾಡೋಣ. ಈ ಸಲ ಸರಿಯಾಗಿ ಒಂದು ಮಿಲಿಮೀಟರ್ ಇಡ್ತೀನಿ."

"ಬ್ಯಾಡ. ಇಟ್ಟೀನಿ ಅಂತ ನೀವಂದ್ರೆ ನಾನು ನಂಬಿಬಿಡ್ತೀನಿ. ನಂಬಿದ್ದಕ್ಕೇ ಹಿಂಗಾತು. ದಾವಣಗೆರಿಯಾಗೆ ಬೇರೆ ಕಡೆ ಮಾಡಿಸ್ತೀನಿ."

ತಪ್ಪು ನನ್ನದೇ, ಯಾರನ್ನು ದೂರಲಿ?

ಹರಿದ ಮೂರು ಬಟ್ಟಲುಗಳನ್ನು ಪೇಪರಿನಲ್ಲಿ ಸುತ್ತಿ ಜೋಪಾನವಾಗಿ ಬ್ಯಾಗಿಗೆ ಹಾಕಿಕೊಂಡಳು. ನಾನು ಮಾಡಿಕೊಟ್ಟಿದ್ದ, ಗೀರೂ ಇಲ್ಲದ ಹದಿನಾಲ್ಕು ಬಟ್ಟಲುಗಳನ್ನೂ ಚೀಲದಲ್ಲಿ ತಂದಿದ್ದಳು; ಅದನ್ನು ಮಷಿನ್ ಪಕ್ಕ ಬಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.