ಮೂರನೇ ಫಲಕದ ಚುಕ್ಕೆ

“ಧೂಳಾ? ಇದನ್ನ ಧೂಳು ಅಂತೀಯಾ?”

ಸಾಯ್ಮಿ ಎಸೆದ ಮಸಿಕುಡಿಕೆ ತಾರ್ಮೊನ ಹುಬ್ಬಿಗೆ ಬಡಿದು ಒಡೆಯಿತು. ನೀಲಿ ಮಸಿಯೂ ರಕ್ತವೂ ಬೆರೆತು ಕೆನ್ನೆಗಿಳಿದವು.

ತುರ್ಕು ನಗರದ ವೀಕ್ಷಣಾಲಯದಲ್ಲಿ ತಾರ್ಮೊ ಗಾಜಿನ ಫಲಕಗಳ ಮೇಲೆ ಆಕಾಶದ ಚಿತ್ರ ತೆಗೆಯುವವನು, ಸಾಯ್ಮಿ ಆ ಫಲಕಗಳನ್ನು ಹೋಲಿಸಿ ಲೆಕ್ಕ ಮಾಡುವವಳು. ಸೋಮವಾರದ ಫಲಕದ ಚುಕ್ಕೆಯೊಂದು ಗುರುವಾರದ ಫಲಕದಲ್ಲಿ ಪಕ್ಕಕ್ಕೆ ಸರಿದಿತ್ತು. ನಕ್ಷತ್ರ ಹಾಗೆ ಸರಿಯುವುದಿಲ್ಲ. ಯಾರೂ ಕಾಣದ ಕ್ಷುದ್ರಗ್ರಹ ತನಗೆ ಸಿಕ್ಕಿದೆ ಎಂದು ಅವಳು ಕುಣಿದಾಡಿದ್ದಳು.

“ಎರಡೇ ಫಲಕ ತೋರಿಸಿದ್ರೆ ಎಲ್ರೂ ಧೂಳು ಅಂತಾನೇ ನಗೋದು,” ತಾರ್ಮೊ ಹುಬ್ಬು ಒರೆಸಿಕೊಂಡ. “ಅದಕ್ಕೇ ನಿನ್ನೆ ಮೂರನೇದು ತೆಗೆದೆ. ಕತ್ತಲೆಕೋಣೇಲಿ ಒಣಗ್ತಿದೆ.”

“ನಿನ್ನೇನಾ? ಆ ಚಳೀಲಿ?”

“ಧೂಳು ಅಂತ ರೇಗಿಸಿ, ಆಮೇಲೆ ಅದನ್ನ ತೋರಿಸಿ ನೀನು ನಗೋದನ್ನ ನೋಡ್ಬೇಕು ಅಂತಿದ್ದೆ. ಕುಡಿಕೇಲಿ ಹೊಡೀತೀಯಾ ಅಂತ ಗೊತ್ತಿರಲಿಲ್ಲ ಮಾರಾಯ್ತಿ!”

ಅವನ ಕಣ್ಣಲ್ಲಿ ತುಂಟತನವಿತ್ತು. ಅವಳು ಉತ್ತರಿಸುವ ಮೊದಲೇ ಸೈರನ್ ಕೂಗಿತು. ಯುದ್ಧದ ದಿನಗಳು; ನಡುಮಧ್ಯಾಹ್ನವೇ ರಷ್ಯದ ವಿಮಾನಗಳು ದಾಳಿಗೆ ಬಂದಿದ್ದವು. ಅಂಗಳದಲ್ಲಿ ಬಾಂಬು ಬಿದ್ದು ಕಿಟಕಿಗಳೆಲ್ಲ ಒಳಕ್ಕೆ ಸಿಡಿದವು. ಕತ್ತಲೆಕೋಣೆ ಧಗಧಗ ಉರಿಯತೊಡಗಿತು.

“ತಾರ್ಮೊ, ಬೇಡ!”

ಅವನು ಒಳಗೆ ನುಗ್ಗಿಯಾಗಿತ್ತು. ಹೊರಬಂದಾಗ ಕೂದಲು ಸುಟ್ಟಿತ್ತು, ಅಂಗೈಯ ಚರ್ಮ ಮೂರನೇ ಫಲಕದ ಗಾಜಿಗೇ ಅಂಟಿತ್ತು. ಸಾಯ್ಮಿ ಅಳುತ್ತಾ ಅವನ ಎದೆಗೆ ಗುದ್ದಿದಳು.

“ಒಂದು ಕಲ್ಲಿಗೋಸ್ಕರ ಸಾಯ್ತಿದ್ದೆಯಲ್ಲೋ!”

“ಕಲ್ಲಿಗಲ್ಲ,” ಎಂದವನೇ ಕುಸಿದ.

ಒಂಬತ್ತನೇ ದಿನ ಅವಳು ಆಸ್ಪತ್ರೆಗೆ ಲೆಕ್ಕದ ಹಾಳೆ ತಂದಳು. ಅವನ ಎರಡೂ ಕೈಗೆ ಬ್ಯಾಂಡೇಜು.

“ಫಲಕ ಬಿರುಕು ಬಿಟ್ರೂ ಚುಕ್ಕೆ ಉಳಿದಿದೆ. ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುತ್ತೆ. ಸೂರ್ಯನ್ನ ಒಂದು ಸಲ ಬಳಸೋಕೆ ಐದು ವರ್ಷ ಮೂರು ತಿಂಗಳು. ಮಂಕು ಬೆಳಕು. ನಮ್ಮೂರಿಗಿಂತ ಅಷ್ಟೇನೂ ದೊಡ್ಡದಿರಲಿಕ್ಕಿಲ್ಲ.”

“ಹೆಸರಿಡೋ ಹಕ್ಕು ನಿಂದು.”

“ನಿನ್ನ ಹೆಸರಿಡ್ಲಾ?”

“ಬೇಡ. ನನ್ನ ಮನೆತನದ ಹೆಸರು ನಿನ್ನ ಹೆಸರಿನ ಮುಂದೆ ಬಂದ್ರೆ ಸಾಕು. ಸಾಯ್ಮಿ ವಾಲ್ಕಾಮಾ.”

ಅವಳ ಕಿವಿ ಕೆಂಪಾಯಿತು. ಮತ್ತೆ ಸೈರನ್. ನರ್ಸು ಎಲ್ಲರನ್ನೂ ನೆಲಮಾಳಿಗೆಗೆ ಅಟ್ಟಿದಳು.

“ಮೊದಲು ಹೂಂ ಅನ್ನು!”

“ಮೊದಲು ಓಡು ಮಾರಾಯಾ!”

ಮೆಟ್ಟಿಲ ಮೇಲಿದ್ದಾಗಲೇ ಪಕ್ಕದ ಕಟ್ಟಡ ಕುಸಿಯಿತು. ಗಾರೆ ಸುರಿಯಿತು, ಯಾರೋ ಚೀರಿದರು. ತಾರ್ಮೊ ಅವಳನ್ನು ಗೋಡೆಗೊತ್ತಿ ಬೆನ್ನು ಅಡ್ಡ ಕೊಟ್ಟ.

“ಹೂಂ!” ಅವಳು ಆ ಗದ್ದಲದಲ್ಲಿ ಕಿರುಚಿದಳು.

“ಏನು? ಕೇಳಿಸ್ಲಿಲ್ಲ!”

ಸಾಯ್ಮಿ ಅವನ ಮುಖ ಹಿಡಿದೆಳೆದು, ಸುಣ್ಣ ಮೆತ್ತಿದ ತುಟಿಗೆ ತುಟಿಯೊತ್ತಿದಳು.