ಹಿರಿಮಗಳ ಹೆಸರು

ಮಗಳು ನವ್ಯಶ್ರೀಯನ್ನು ಕರೆದೊಯ್ಯಲು ಬಂದವರು ಶಾಲೆಯಲ್ಲಿ ಪಾಸ್‌ವರ್ಡ್ ಹೇಳಬೇಕು. ನಾನು ಬರೆಸಿದ ಸುಳಿವು ‘ಹಿರಿಮಗಳ ಹೆಸರು’. ನನಗಿರುವುದು ಒಬ್ಬಳೇ ಮಗಳು, ಯಾರು ತಾನೇ ಊಹಿಸಿಯಾರು? ಹೊಸ ಹೆಸರೊಂದನ್ನು ಕಟ್ಟಿ, ಮರೆಯದಿರಲೆಂದು, ತೊಟ್ಟಿಲ ಮಗುವಿನ ಕಿವಿಯಲ್ಲಿ ಹೇಳುವಂತೆ ಮೂರು ಸಲ ಮೆಲ್ಲಗೆ ಹೇಳಿಕೊಂಡೆ. ಶಾಲೆಯಲ್ಲಿ ಬರೆಸಿದ್ದು ಬಿಟ್ಟರೆ ಬೇರೆ ಯಾರಿಗೂ ತಿಳಿಸಲಿಲ್ಲ.

ಮೊನ್ನೆ ಉಚ್ಚಿಲದಲ್ಲಿ ಮೀನು ಮಾರಿ ಶಾಲೆಗೆ ಹೋದರೆ ಮಗಳಿಲ್ಲ.

“ನಿಮ್ಮ ದೊಡ್ಡ ಮಗಳು ಬಂದಿದ್ದಳಲ್ವಾ, ಹೆಸರು ಸರಿಯಾಗಿ ಹೇಳಿದಳು,” ಎಂದರು ಟೀಚರ್. “ಅವಳ ಕೈ ಎಂತ ಐಸಿನ ಹಾಗೆ ಉಂಟು?”

“ನನಗೆ ದೊಡ್ಡ ಮಗಳೇ ಇಲ್ಲ ಮಾರಾಯ್ರೆ. ಕೂಗಿದವರಿಗೆ ಕೊಡ್ಲಿಕ್ಕೆ ಮಗುವನ್ನು ಬಂಗುಡೆ ಏಲಂ ಅಂತ ಎಣಿಸಿದ್ದೀರಾ?”

ಬೈಯುತ್ತಲೇ ಮನೆಗೆ ಓಡಿದೆ. ಹೊರಗಿನ ಬೀಗ ಹಾಕಿದಂತೆಯೇ ಇತ್ತು, ಇರುವ ಒಂದೇ ಕೀ ನನ್ನ ಸೊಂಟದಲ್ಲಿ. ತೆರೆದರೆ, ಒಳಗೆ ನವ್ಯಶ್ರೀ ಬಿಸಿಬಿಸಿ ಗಂಜಿ ಉಣ್ಣುತ್ತಿದ್ದಳು. ಒಲೆ ತಣ್ಣಗಿತ್ತು.