ಮರದಪ್ಪನ ಅಪ್ಪಣೆ

ಚಂಡಮಾರುತ ಹೋದ ಮೇಲೆ ತೈತುಂಗ್ ಕಡೆಯ ಆ ಕಡಲ ಬೀದಿಗೆ ಮೊದಲು ಬಂದದ್ದು ಕರೆಂಟೂ ಅಲ್ಲ, ನೀರೂ ಅಲ್ಲ, ಮರ ತೆಗೆಯುವವರು. ಅವರನ್ನೆಲ್ಲ ಯೂಲಾನ್ ಬೈದು ಓಡಿಸುತ್ತಿದ್ದಳು. ಹಿತ್ತಲಿನ ಕರ್ಪೂರದ ಮರ ಬೇರುಸಮೇತ ಮಗುಚಿಕೊಂಡು ಅವಳ ಅಡುಗೆಮನೆಯ ಸೂರಿನ ಮೇಲೆ ಒರಗಿತ್ತು. ಅಡುಗೆಮನೆ ಇಲ್ಲದೆ ಮನೆ ಮುಂದಿನ ತಿಂಡಿ ಅಂಗಡಿ ತೆರೆಯುವ ಹಾಗಿರಲಿಲ್ಲ. ಬಂದವರೆಲ್ಲ ಕ್ರೇನ್ ಬೇಕು ಅನ್ನುತ್ತಿದ್ದರು, ಅದರ ಬಾಡಿಗೆ ಕೇಳಿದರೆ ಮರದ ಜೊತೆ ಮನೆಯನ್ನೂ ಕೊಟ್ಟುಬಿಡಬೇಕು ಅನ್ನಿಸುತ್ತಿತ್ತು.

ಮರ ತೆಗೆಯುವ ಕುನ್‌ಷಾನ್ ಬಂದಾಗ ಯೂಲಾನಳ ಕೈಯಲ್ಲಿ ಪೊರಕೆ ಇತ್ತು.

“ನೀವೂ ಕ್ರೇನ್ ಅಂತೀರಾ? ಹಾಗಿದ್ರೆ ಬಂದ ದಾರೀಲೇ ಹೋಗಿ.”

ಅವನು ಅವಳ ಕಡೆ ನೋಡಲೇ ಇಲ್ಲ. ಮರವನ್ನು ನಿಧಾನವಾಗಿ ಸುತ್ತು ಹಾಕಿದ. ಬಾಗಿದ ಕೊಂಬೆಗಳ ಕೆಳಗೆ ತಲೆ ಒಡ್ಡದೆ ದೂರದಿಂದಲೇ ಬಗ್ಗಿ ನೋಡಿದ.

“ನಿಮ್ಮನ್ನೇ ಕೇಳಿದ್ದು. ಕಿವಿ ಕೇಳ್ಸಲ್ವಾ?”

“ಕೇಳ್ಸುತ್ತೆ. ಮೊದ್ಲು ಮನೆ ಹಿರಿಯರನ್ನ ಮಾತಾಡ್ಸೋಣ ಅಂತ.” ಕಾಂಡಕ್ಕೆ ಸುತ್ತಿದ್ದ ಕೆಂಪು ಬಟ್ಟೆಯನ್ನು ತೋರಿಸಿದ. “ಇವರು ಮರದಪ್ಪ ಅಲ್ವಾ?”

ಯೂಲಾನ್ ಪೊರಕೆ ಕೆಳಗಿಟ್ಟಳು. ಬೀದಿಯವರು ಆ ಮರವನ್ನು ಕರೆಯುತ್ತಿದ್ದದ್ದೇ ಹಾಗೆ. ಕಾಯಿಲೆ ಬೀಳುವ ಮಕ್ಕಳನ್ನು ತಂದು ಅದರ ಮಡಿಲಿಗೆ ಹಾಕಿ, ಇನ್ನು ಇದು ನಿನ್ನ ಕೂಸು ಎಂದು ಒಪ್ಪಿಸುವುದು ಅಲ್ಲಿನ ಪದ್ಧತಿ. ಹುಟ್ಟಿದಾಗ ಹಾಲು ದಕ್ಕದ ಯೂಲಾನಳನ್ನೂ ಹಾಗೇ ಒಪ್ಪಿಸಿದ್ದರು. ಹೆತ್ತವರು ತೀರಿಕೊಂಡ ಮೇಲೆ ಅಪ್ಪ ಅಂತ ಅವಳಿಗೆ ಉಳಿದದ್ದು ಆ ಮರ ಒಂದೇ. ಕ್ರೇನಿನವರು ಯಾರೂ ಆ ಬಟ್ಟೆಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

“ಕ್ರೇನ್ ಬೇಡ. ಹಗ್ಗ, ರಾಟೆ ಸಾಕು. ತುಂಡು ತುಂಡಾಗಿ ಇಳಿಸ್ತೀನಿ. ದುಡ್ಡು ಕಮ್ಮಿ, ದಿನ ಜಾಸ್ತಿ. ಆದ್ರೆ ಇವರು ಒಪ್ಪದೆ ನಾನು ಗರಗಸ ಮುಟ್ಟಲ್ಲ.”

“ಒಪ್ಪದೇ ಇದ್ರೆ?”

“ಒಪ್ಪಿಸೋಣ. ಅಪ್ಪಂದಿರು ಎಲ್ಲಿ ತಕ್ಷಣ ಒಪ್ತಾರೆ?” ಈಗ ಅವಳ ಕಡೆ ನೋಡಿ ನಕ್ಕ. ಆ ನಗುವಿಗೆ ಯೂಲಾನ್ ಅಂದೇ ಅರ್ಧ ಸೋತಳು.

ಅವನು ಊದಿನಕಡ್ಡಿ ಹಚ್ಚಿ ಕೆಸರಿನಲ್ಲೇ ಮಂಡಿಯೂರಿದ. ಜೇಬಿನಿಂದ ಅರ್ಧಚಂದ್ರದ ಆಕಾರದ ಎರಡು ಮರದ ಬಿಲ್ಲೆ ತೆಗೆದ, ಎರಡಕ್ಕೂ ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು. ಪ್ರಶ್ನೆ ಕೇಳಿ ಎರಡನ್ನೂ ನೆಲಕ್ಕೆ ಬಿಡಬೇಕು. ಒಂದು ಚಪ್ಪಟೆ, ಒಂದು ಉಬ್ಬು ಮೇಲಾಗಿ ಬಿದ್ದರೆ ದೇವರು ಒಪ್ಪಿದ ಹಾಗೆ. ಎರಡೂ ಚಪ್ಪಟೆಯಾದರೆ ನಗುತ್ತಿದ್ದಾನೆ ಎಂದರ್ಥ, ಎರಡೂ ಉಬ್ಬಾದರೆ ಬೇಡ. ದೊಡ್ಡ ಮಾತಿಗೆ ಸತತ ಮೂರು ಸಲ ಒಪ್ಪಿಗೆ ಸಿಗಬೇಕು.

ಮೊದಲ ಸಲವೇ ಬೇಡ ಅಂತ ಬಿತ್ತು.

ಪಕ್ಕದ ಮನೆಯ ಬಾವ್‌ಜು ಅತ್ತೆ ಗೋಡೆಯಾಚೆಯಿಂದ ಕೂಗಿದಳು, “ಮುಖ ನೋಡಿಯೇ ಬೇಡ ಅಂದಿರ್ತಾನೆ ಕಣಪ್ಪಾ!”

ಕುನ್‌ಷಾನ್ ಜಗ್ಗಲಿಲ್ಲ. “ಅಪ್ಪಾ, ಬೆಳಗ್ಗೆ ಬೇಡ, ಬಿಸಿಲು ಏರಿದ ಮೇಲೆ ಶುರು ಮಾಡ್ತೀನಿ.” ಬೇಡ. “ಒಂದೊಂದು ಕೊಂಬೆಗೂ ಹೇಳಿ ಕಡೀತೀನಿ.” ನಗು. “ನಕ್ಕಿದ್ದು ಸಾಕು, ಮಗಳು ಅಂಗಡಿ ತೆರೀಬೇಕು ಅಪ್ಪಾ, ಹೊಟ್ಟೆಪಾಡು.” ಮತ್ತೆ ಬೇಡ. ಅಂಗಲಾಚಿದ, ಪುಸಲಾಯಿಸಿದ, ಒಮ್ಮೆ ಮುನಿಸಿಕೊಂಡೂ ನೋಡಿದ. ಕೊನೆಗೆ, “ಬುಡ ಮುಟ್ಟಲ್ಲ. ನೀವು ಇದ್ದ ಜಾಗದಲ್ಲೇ ಇರ್ತೀರಿ,” ಎಂದಾಗ ಒಪ್ಪಿಗೆ ಬಿತ್ತು. ಮತ್ತೆ ಒಪ್ಪಿಗೆ. ಮತ್ತೆ ಒಪ್ಪಿಗೆ. ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು. ಯೂಲಾನ್ ಬಾಗಿಲಿಗೆ ಒರಗಿ ನಿಂತವಳು ನಿಂತೇ ಇದ್ದಳು. ಬಿದ್ದ ಮರದ ಮುಂದೆ ಇಷ್ಟು ಬೇಡಿಕೊಳ್ಳುವವನು ಹೆಂಡತಿಯನ್ನು ಹೇಗೆ ನೋಡಿಕೊಂಡಾನು ಎಂದು ಅವಳ ಮನಸ್ಸು ಲೆಕ್ಕ ಹಾಕತೊಡಗಿತ್ತು. ಈ ಲೆಕ್ಕವೇ ಅವಳನ್ನು ಹಾಳು ಮಾಡಿತು.

ಕೆಲಸ ಶುರುವಾಯಿತು. ಅವನು ಮರದ ಸುತ್ತ ಹಗ್ಗ ಕಟ್ಟಿ, ಅದರಾಚೆ ಕಾಲಿಡಬಾರದು ಎಂದ. ಅವಳು ಬಿಸಿ ಸೋಯಾ ಹಾಲಿನ ಲೋಟ ಹಿಡಿದು ದಿನವೂ ಹಗ್ಗದವರೆಗೆ ಬರುವಳು.

“ಒಂದೇ ಹೆಜ್ಜೆ ಒಳಗೆ ಬರ್ಲಾ?”

“ಬೇಡ.”

“ನಾನು ತಿಂತೀನಾ ನಿಮ್ಮನ್ನ?”

“ನೀವಲ್ಲ, ಕೊಂಬೆ. ಭಾರಕ್ಕೆ ಬಗ್ಗಿರೋ ಕೊಂಬೆ ಉಸಿರು ಬಿಗಿ ಹಿಡ್ಕೊಂಡಿರುತ್ತೆ. ತಪ್ಪು ಕಡೆ ಕೊಯ್ದ್ರೆ ಎದೆಗೆ ಒದೆಯುತ್ತೆ.”

“ಪಾಪ, ಎಷ್ಟು ಜನ ಒದ್ದಿದಾರೋ ನಿಮಗೆ.”

ಅವನು ನಗುತ್ತ ಕೈ ಚಾಚುವನು. ಲೋಟ ಕೈ ಬದಲಾಗುವಾಗ ಬೆರಳು ತಾಗುವುದು. ಅವನ ಹುಬ್ಬಿನ ಮೇಲೆ ಮರದ ಹೊಟ್ಟು ಕೂತಿರುತ್ತಿತ್ತು, ಅವಳು ಒರೆಸಬೇಕು ಅಂದುಕೊಂಡು ಸುಮ್ಮನಾಗುವಳು. ಬೀದಿಗೆಲ್ಲ ಕರ್ಪೂರದ ವಾಸನೆ. ಬಾವ್‌ಜು ಅತ್ತೆ ಗೋಡೆಯಾಚೆಯಿಂದ, “ಮರ ಬೇಗ ಮುಗೀದೇ ಇರ್ಲಿ ಅಂತ ಯಾರೋ ಹರಕೆ ಹೊತ್ತ ಹಾಗಿದೆ,” ಎನ್ನುವಳು. ಯೂಲಾನ್ ಕೆಂಪಾಗುವಳು. ನಾಚಿಕೆಯ ವಯಸ್ಸು ದಾಟಿತ್ತು, ಆದರೂ.

ಕಾಂಡವನ್ನು ಬುಡದಿಂದ ಬೇರೆ ಮಾಡುವ ದಿನ ಅವಳು ಹಗ್ಗ ದಾಟಿಯೇಬಿಟ್ಟಳು. ಗರಗಸ ಅರ್ಧಕ್ಕೆ ಬಂದಿತ್ತು, ಅವನು ಅವಳನ್ನು ಕಂಡದ್ದೇ ಗರಗಸ ನಿಲ್ಲಿಸಿ ಎಸೆದು ಓಡಿಬಂದು ಅವಳ ರಟ್ಟೆ ಹಿಡಿದು ಎಳೆದ. ಹಿಂದೆಯೇ ಮರ ಲಟಕ್ಕೆಂದು ತಾನೇ ತುಂಡಾಯಿತು. ಕಾಂಡದ ಭಾರ ಕಳಚಿದ ಬುಡ, ಬೇರು ಮಣ್ಣು ಸಮೇತ ಎದ್ದು ತನ್ನ ಗುಂಡಿಯಲ್ಲಿ ಧೊಪ್ಪೆಂದು ನೆಟ್ಟಗೆ ಕೂತಿತು. ಅವಳು ನಿಂತಿದ್ದ ಜಾಗ ಅದರಡಿ ಹೋಗಿತ್ತು.

“ಸಾಯ್ತಿದ್ಯಲ್ಲೇ ಹುಚ್ಚಿ!”

ಆ ಕ್ಷಣದಿಂದ ಬಹುವಚನ ಹೋಯಿತು. ಅವನ ಎದೆ ಅವಳ ಕಿವಿಯ ಪಕ್ಕದಲ್ಲೇ ಹೊಡೆದುಕೊಳ್ಳುತ್ತಿತ್ತು. ಹಿಡಿದ ಕೈ ಅವನು ಬಿಡಲಿಲ್ಲ, ಬಿಡು ಎಂದು ಅವಳೂ ಅನ್ನಲಿಲ್ಲ. ಅಲ್ಲೇ, ಮುರಿದ ಅಡುಗೆಮನೆಯ ನೆರಳಿನಲ್ಲಿ, ಅವನು ಅವಳ ಹಣೆಗೆ ಮುತ್ತಿಟ್ಟ.

ಆಮೇಲಿನ ದಿನಗಳಲ್ಲಿ ಅವನ ಬಾಯಲ್ಲಿ ‘ನಾವು’ ಬರತೊಡಗಿತು. ಸೂರು ರಿಪೇರಿ ಮಾಡುವಾಗ ನಾವು ಈ ಕಿಟಕಿ ದೊಡ್ಡದು ಮಾಡೋಣ ಎಂದ. ಮಳೆಗಾಲ ಕಳೆದ ಮೇಲೆ ನಾವು ಅಂಗಡಿಗೆ ಹೊಸ ಬೋರ್ಡು ಹಾಕೋಣ ಎಂದ. ಮಾತಿಗೆ ಬಾಡಿಗೆ ಇಲ್ಲವಲ್ಲ, ಧಾರಾಳವಾಗಿ ಆಡಿದ. ಯೂಲಾನ್ ಒಂದೊಂದನ್ನೂ ಜೋಪಾನವಾಗಿ ಎತ್ತಿಟ್ಟುಕೊಂಡಳು.

ಕೊನೆಯ ತುಂಡು ಲಾರಿಗೆ ಏರಿದ ಸಂಜೆ ಹಿತ್ತಲಿನಲ್ಲಿ ಬುಡ ಒಂದೇ ಉಳಿದಿತ್ತು. ಅವನು ಹಗ್ಗ ಬಿಚ್ಚುತ್ತಿದ್ದ.

“ಕೆಲಸ ಮುಗೀತು,” ಅಂದಳು ಯೂಲಾನ್.

“ಮುಗೀತು.”

“ಮುಂದೆ?”

“ಹ್ವಾಲಿಯೆನ್ ಕಡೆ ತುಂಬಾ ಮರ ಬಿದ್ದಿವೆಯಂತೆ.”

“ನಾನು ಮರದ ವಿಷಯ ಕೇಳ್ಲಿಲ್ಲ ಕುನ್‌ಷಾನ್.”

ಅವನು ಹಗ್ಗದ ಗಂಟು ನೋಡುತ್ತ ನಿಂತ. ಅವಳಿಗೆ ಅದು ಸಂಕೋಚ ಅನ್ನಿಸಿತು. ಗಂಡಸಿಗೆ ಬಾಯಿ ಬರದಿದ್ದರೆ ದಾರಿ ತೋರಿಸಬೇಕು ಅಂದುಕೊಂಡಳು, ನಕ್ಕಳು.

“ಹೆಣ್ಣು ಕೇಳೋಕೆ ಅಷ್ಟು ಭಯಾನಾ? ನಮ್ಮಪ್ಪ ಇಲ್ಲೇ ಇದಾರೆ. ಕೇಳು.”

ಗೋಡೆಯಾಚೆ ಬಾವ್‌ಜು ಅತ್ತೆಯ ಪಾತ್ರೆ ಸದ್ದು ನಿಂತಿತು. ಕುನ್‌ಷಾನ್ ಊದಿನಕಡ್ಡಿ ಹಚ್ಚಿದ. ಮಂಡಿಯೂರಿ, “ಅಪ್ಪಾ, ನಿಮ್ಮ ಮಗಳನ್ನ ನಂಗೆ ಕೊಡ್ತೀರಾ?” ಎಂದ. ಬಿಲ್ಲೆ ಬಿದ್ದವು. ಒಪ್ಪಿಗೆ. ಯೂಲಾನ್ ತನ್ನ ಏಪ್ರನ್ನಿನ ಅಂಚನ್ನೇ ಬಾಯಿಗೆ ಒತ್ತಿಕೊಂಡಳು. ಎರಡನೆಯ ಸಲವೂ ಒಪ್ಪಿಗೆ. ಮೂರನೆಯ ಸಲ ಎರಡೂ ಉಬ್ಬು ಮೇಲಾಗಿ, ಅಲ್ಲಾಡದೆ ಬಿದ್ದವು.

ಅವನು ತಕ್ಷಣ ಎದ್ದು ಮಂಡಿಯ ಮಣ್ಣು ಕೊಡವಿಕೊಂಡ.

“ಒಪ್ಪಲಿಲ್ಲ,” ಅಂದ.

“ಇನ್ನೊಂದ್ಸಲ ಕೇಳು.”

“ದೇವರು ಬೇಡ ಅಂದ ಮೇಲೆ...”

“ಬೇರೆ ಥರ ಕೇಳು. ಈ ವರ್ಷ ಬೇಡ, ಮುಂದಿನ ವರ್ಷ ಅನ್ನು. ಇಲ್ಲೇ ಇರ್ತೀನಿ ಅನ್ನು. ಏನಾದ್ರೂ ಅನ್ನು. ಅವತ್ತು ಮರ ಕಡಿಯೋಕೆ ಮಧ್ಯಾಹ್ನದವರೆಗೂ ಅಂಗಲಾಚಿದ್ಯಲ್ಲೋ.”

“ಅದು ಕೆಲಸ, ಯೂಲಾನ್.”

“ನಾನು?”

ಅವನು ಹಗ್ಗ ಸುತ್ತತೊಡಗಿದ. ಅವಳು ಅವನ ಮುಖವನ್ನೇ ನೋಡಿದಳು. ಅಲ್ಲಿ ನೋವು ಹುಡುಕಿದಳು, ಚೂರಾದರೂ. ಇರಲಿಲ್ಲ. ಪರೀಕ್ಷೆ ರದ್ದಾದ ಹುಡುಗನ ಮುಖದ ಹಾಗಿತ್ತು ಅದು.

“ಬೇಡ ಅಂತ ಬೀಳ್ಲಿ ಅಂತ ಬೇಡ್ಕೊಂಡ್ಯಾ?”

“ಬೇಡ್ಕೊಳ್ಳಲಿಲ್ಲ.” ಹಗ್ಗದ ಸುರುಳಿ ಹೆಗಲಿಗೇರಿಸಿ, “ಬಿದ್ದಾಗ ಹಗುರ ಆಯ್ತು. ಸುಳ್ಳು ಯಾಕೆ ಹೇಳ್ಲಿ?” ಅಂದ. ತಾನು ಪ್ರಾಮಾಣಿಕ ಎಂಬ ಸಮಾಧಾನ ಆ ದನಿಯಲ್ಲಿತ್ತು. ಅವಳಿಗೆ ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು, ಕಾಲು ಹಿಡಿಯಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

“ಹಾಗಿದ್ರೆ ಈ ಬುಡಾನೂ ಕಿತ್ತು ತಗೊಂಡು ಹೋಗು.”

“ಆಗಲ್ಲ. ಮಾತು ಕೊಟ್ಟಿದೀನಿ ಅವರಿಗೆ.”

ಅವಳು ಜೋರಾಗಿ ನಕ್ಕಳು. ಆ ನಗು ಅವನಿಗೆ ಅರ್ಥವಾಗಲಿಲ್ಲ. ಬುಡಕ್ಕೆ ಬಗ್ಗಿ ಕೈಮುಗಿದು, ಅವಳಿಗೂ ತಲೆಬಾಗಿ, ಲಾರಿ ಹತ್ತಿ ಹೋದ.

ಮರುದಿನ ಬೆಳಗ್ಗೆ, ಮುರಿದ ಸೂರಿಗೆ ತಾಡಪಾಲು ಹೊದಿಸಿಕೊಂಡು ಅಂಗಡಿ ತೆರೆಯಿತು. ಸುದ್ದಿ ಆಗಲೇ ಬೀದಿ ಸುತ್ತಿತ್ತು. ಗೋಡೆಯಾಚೆಗೆ ಬಿಲ್ಲೆ ಬಿದ್ದದ್ದು, ‘ಒಪ್ಪಲಿಲ್ಲ’ ಅಂದದ್ದು ಕೇಳಿಸಿತ್ತು, ಆಮೇಲಿನ ಮೆಲುಮಾತು ಕೇಳಿಸಿರಲಿಲ್ಲ. ಬಾವ್‌ಜು ಅತ್ತೆ ಕಿತ್ತಳೆ ಹಣ್ಣು ತಂದು ಬುಡದ ಮುಂದಿಟ್ಟು, ಹೊಸ ಕೆಂಪು ಬಟ್ಟೆ ಸುತ್ತಿ, ಯೂಲಾನಳ ಕೈ ಹಿಡಿದು ಎಳೆದುಕೊಂಡು ಹೋದಳು.

“ಕೈಮುಗಿ. ಅಪ್ಪ ಏನೋ ಕಂಡೇ ಬೇಡ ಅಂದಿರ್ತಾನೆ. ಅವನ ಮೇಲೆ ಸಿಟ್ಟಾಗಬೇಡ.”

ಯೂಲಾನ್ ಕೈಮುಗಿದಳು.

“ಆ ಹುಡುಗಾನೂ ಎಂಥ ಬಂಗಾರ! ಈಗಿನ ಕಾಲದಲ್ಲಿ ಯಾರು ಕೇಳ್ತಾರೆ ದೇವರ ಮಾತು? ಪಾಪ, ಎಷ್ಟು ನೊಂದ್ಕೊಂಡ್ನೋ.”

ನಿಜ ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಅಂಗಡಿಯ ಮುಂದೆ ಸಾಲು ನಿಂತಿತ್ತು, ಎಲ್ಲರ ಕಿವಿಯೂ ಇತ್ತಲೇ ಇತ್ತು. ದೇವರು ಬೇಡ ಎಂದ ಹೆಣ್ಣಿಗೆ ಬೀದಿಯವರು ಕಿತ್ತಳೆ ತರುತ್ತಾರೆ. ಗಂಡು ಬೇಡ ಎಂದ ಹೆಣ್ಣಿಗೆ ಏನು ತರುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

“ಹೌದು ಅತ್ತೆ,” ಅಂದಳು, “ತುಂಬಾ ನೊಂದ್ಕೊಂಡ. ಅಳ್ತಾನೇ ಹೋದ.”

ಸಾಲಿನಲ್ಲಿದ್ದ ಹೆಂಗಸರು ಲೊಚಗುಟ್ಟಿದರು. ಯೂಲಾನ್ ಒಳಗೆ ಹೋಗಿ, ಸೀಯುತ್ತಿದ್ದ ಮೂಲಂಗಿ ಕಡುಬಿನ ತುಂಡುಗಳನ್ನು ಕಾವಲಿಯ ಮೇಲೆ ಮಗುಚಿ ಹಾಕಿದಳು.